ನಾಲ್ಕು ತಾಸು

ಚೀಟಿಯ ಮೊದಲ ಶಬ್ದ ಓದಲಾಗಲಿಲ್ಲ,
ಎರಡನೆಯದು ಪಾಸಿಟಿವ್.
ಒಳ್ಳೇದೇ ಇರಬೇಕು ಅಂದುಕೊಂಡೆ
ಡಾಕ್ಟರಬಾಯಿ ಕನ್ನಡಕ ತೆಗೆಯುವ ತನಕ.

"ಸ್ಟ್ರೆಪ್ ಅಂತ ಒಂದು ಕ್ರಿಮಿ. ಹೊಲಸಲ್ಲ, ರೋಗವೂ ಅಲ್ಲ.
ಎಷ್ಟೋ ಹೆಂಗಸರ ಮೈಯೊಳಗೆ ಸುಮ್ಮನೆ ಇರ್ತದೆ,
ಹೋಗ್ತದೆ, ಮತ್ತೆ ಬರ್ತದೆ.
ಹುಟ್ಟುವಾಗ ಕೂಸಿಗೆ ತಾಗಬಾರದು, ಅಷ್ಟೇ."

ಅಷ್ಟೇ.
ಆ ರಾತ್ರಿ ಎರಡು ಸಲ ಮೈ ತೊಳೆದೆ.

ಬಾಡಿಗೆ ಕೊಡದ ಒಕ್ಕಲು ಒಳಗೆ.
ಈ ಚೊಡಣ ದ್ವೀಪದಲ್ಲಿ ನಾವೂ ಒಕ್ಕಲೇ, ಏಳು ವರ್ಷ.
ಸುಮ್ಮನೆ ಇರ್ತೇವೆ, ಊರಿಗೆ ಹೋಗ್ತೇವೆ, ಮತ್ತೆ ಬರ್ತೇವೆ.
ಘಾಂಟಿ ಅಂತಾರೆ ಕೆಲವರು,
ಹೊಲಸು ಕಂಡ ಹಾಗೆ ಸರೀತಾರೆ.
ಅದಕ್ಕೇ ಮೂರನೇ ಸಲ ತೊಳೆಯಲಿಲ್ಲ.

ನೀರೊಡೆದರೆ ನೋವಿಗೆ ಕಾಯಬಾರದು.
ಹೆರಿಗೆಗೆ ನಾಲ್ಕು ತಾಸು ಮುಂಚೆಯೇ
ಪೆನಿಸಿಲಿನ್ ರಕ್ತ ಸೇರಬೇಕು.
ಮನೆಯಿಂದ ಧಕ್ಕೆಗೆ ಹನ್ನೊಂದು ನಿಮಿಷ,
ಫೆರಿ ಆಚೆ ದಡದಲ್ಲಿದ್ದರೆ ಮತ್ತಿಪ್ಪತ್ತು,
ರಿಬಂದರದಲ್ಲಿ ರಿಕ್ಷಾ ಸಿಕ್ಕರೆ...
ಅನ್ನ ಬಸಿಯುವಾಗಲೂ ಇದೇ ಲೆಕ್ಕ.

ನಮ್ಮವನ ನಾಲಿಗೆಗೆ ಪೆನಿಸಿಲಿನ್ ಹೊರಳೋದಿಲ್ಲ.
"ಪೆನ್ಸಿಲ್ ಹಾಕ್ತಾರಂತೆ" ಅಂದ ಅವ್ವನಿಗೆ, ಫೋನಿನಲ್ಲಿ.
ಅವ್ವ ಗಾಬರಿಬಿದ್ದು ಅತ್ತಳು.
ನಾನು ನಕ್ಕೆ, ಎಷ್ಟೋ ದಿನಕ್ಕೆ, ಹೊಟ್ಟೆ ಹಿಡಿದು.
ಸೆಂಟ್ರಿಂಗ್ ಹಲಗೆಗೆ ಗೆರೆ ಎಳೆಯುವ ಗಿಡ್ಡ ಪೆನ್ಸಿಲ್
ಕಿವಿಯಿಂದ ತೆಗೆದು
ಫೆರಿಯ ಕಾಯ್ತಾನನ ನಂಬರು ಗೋಡೆಗೆ ಬರೆದ,
ಕತ್ತಲಲ್ಲೂ ಕಾಣುವಷ್ಟು ದೊಡ್ಡದಾಗಿ.

ಕೂಸು ಒದೀತು.
ತಡಿ, ಅಂದೆ. ಇವತ್ತು ಬೇಡ.
ಕೊನೇ ಫೆರಿ ಹೋಯ್ತು.