ಕ್ರಮಸಂಖ್ಯೆ ೨೧೭

ಹತ್ತು ರೂಪಾಯಿ ಟಿಕೆಟು. ಚಪ್ಪಲಿ ಹೊರಗ.
ಹಳೇ ಬಾಗಲಕೋಟಿ ದಂಡ್ಯಾಗ,
ಹಿನ್ನೀರು ಎರಡು ಮೆಟ್ಟಲ ಕೆಳಗ ನಿಂತು
ಬಿಟ್ಟುಹೋದ ಗಾಣಿಗರ ಮನಿ. ಈಗ ಮ್ಯೂಸಿಯಂ.

ಗೈಡ್ ಹುಡುಗಿ ಪಾಠ ಒಪ್ಪಿಸಿದಂಗ ಹೇಳತಾಳ:
ಇದು ಗಾಣ, ಇದು ಹಗೇವು, ಇದು ಎಣ್ಣಿ ಕೊಡ,
ಕಪಾಟಿನ್ಯಾಗ ಮುಳುಗಡಿ ಆಫೀಸಿನ ಕಡತ:
ಜಂತಿ ಹದಿನಾಲ್ಕು, ಬಾಗಿಲ ಮೂರು, ಬೇವಿನಮರ ಒಂದು.
ಗಾಣದ ಎತ್ತು ಬರದಿಲ್ಲ.
ನಡದು ಹೋಗೂವಂಥವಕ್ಕ ಪರಿಹಾರ ಇರಲಿಲ್ಲ.

ಟೇಪಿನ ಆ ಕಡೆ ತುದಿ ಹಿಡದಾಂವ ನಾ.
ಕಡತದಾಗ ನನ್ನ ಹೆಸರಿಲ್ಲ. ಯಾಕಿರಬೇಕು?

ಗ್ವಾಡಿ ಮ್ಯಾಲ, ಗಾಜಿನ ಹಿಂದ,
ಕೆಂಪು ಬಣ್ಣದಾಗ ೨೧೭, ಎಡಕ್ಕ ವಾಲಿದ್ದು.
"ಅವಸರದಾಗ ಬರದಾರ್ರಿ" ಅಂತಾಳ ಹುಡುಗಿ,
"ಕಾಳಜಿ ಅನ್ನೂದು ಇರಲಿಲ್ಲ ಅವ್ರಿಗೆ."

ಅವಸರ ಎಲ್ಲೀದು ತಂಗಿ,
ಡಬ್ಬಿ ಹಿಡಕೊಂಡು ಅರ್ಧ ತಾಸು ನಿಂತಿದ್ದೆ.
ಗುರಸಿದ್ದವ್ವ ಮಜ್ಜಿಗಿ ಕೊಟ್ಲು, ಉಪ್ಪು ಹೆಚ್ಚಾಗಿತ್ತು.
"ನದಾಫಾ, ಅಲ್ಲಿ ಬ್ಯಾಡೋ" ಅಂದ್ಲು.
ಅಲ್ಲಿ ಇದ್ದಲಿಲೆ ಗೀಚಿದ ಗೆರಿ,
ಓಣಿ ಮಂದೀದೆಲ್ಲಾ ಎಣ್ಣಿ ಉದ್ರಿ.
"ಅಳಿಸಿದ್ರ ನಾ ಯಾರನ್ನ ಏನಂತ ಕೇಳ್ಲಿ?"
ಓಣಿನs ಮುಳುಗೂದಿತ್ತು. ಆದ್ರೂ
ನಾ ಬ್ರಶ್ಶು ಸರಸಿದೆ,
ಸಾಹೇಬ್ರು ಬೈದ್ರು.

ಸುಣ್ಣ ಬಳದಾರ ಈಗ. ಗೆರಿ ಒಂದೂ ಇಲ್ಲ.
ಏಳು ಮಾತ್ರ ಇನ್ನೂ ವಾಲೇ ನಿಂತೈತಿ,
ಸಣ್ಣ ಓಣ್ಯಾಗ ಎದುರು ಬಂದವರಿಗೆ
ಮೈ ತಿರುವಿ ದಾರಿ ಬಿಟ್ಟಂಗ.

ಹುಡುಗಿ ಮುಂದಿನ ಖೋಲಿಗೆ ಹೋದ್ಲು.
ನಾ ಹೇಳಲಿಲ್ಲ ಆಕಿಗೆ,
ಆ ಗೆರ್‍ಯಾಗ ಎರಡು ನಮ್ಮವ್ವನ ಹೆಸರಿಲೆ ಇದ್ದವು:
ಎರಡು ಪಾವು ಕುಸುಬಿ ಎಣ್ಣಿ,
ರಂಜಾನ್ ಮುಗದ ಮ್ಯಾಲ ಕೊಡತೀನಿ ಅಂದದ್ದು.