ನೀರು ಬಂದುವು

ಆರನೇ ತರಗತಿಯ ತಹಸೀನ
ನಿಬಂಧದ ವಹಿಯಲ್ಲಿ ಬರೆದಿದ್ದಳು:
‘ಹದಿನೆಂಟು ದಿನದ ಮ್ಯಾಲೆ ನಮ್ಮ ಓಣಿಗೆ
ನೀರು ಬಂದುವು.’

ನಾನು ತುಮಕೂರಿನ ಕಡೆಯವಳು.
ಬೆಟಗೇರಿಯ ಶಾಲೆಗೆ ವರ್ಗವಾಗಿ ತಿಂಗಳಾಗಿತ್ತು.
‘ಬಂದುವು’ ಹೊಡೆದು ಹಾಕಿ, ಮೇಲೆ
ಕೆಂಪು ಶಾಯಿಯಲ್ಲಿ ‘ಬಂದಿತು’ ಎಂದು ತಿದ್ದಿದೆ.
ಅರ್ಧ ಅಂಕ ಕಡಿಮೆ.

ಮರುದಿನ ಅವಳ ಅಪ್ಪ ಬಂದ. ಜಗಳಕ್ಕಲ್ಲ.
ದಾವಲಸಾಬ, ನಗರಸಭೆಯ ವಾಲ್‌ಮನ್,
ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಚಾವಿ.
‘ಅಕ್ಕಾರ, ನಾ ಸಾಲಿ ಕಲ್ತಿಲ್ಲ. ಇಪ್ಪತ್ತು ವರ್ಷ ನೀರು ಬಿಟ್ಟೇನಿ.
ಹೊಳಿವು ಬ್ಯಾರೆ, ಬೋರಿನ ಸವಳು ಬ್ಯಾರೆ,
ಟ್ಯಾಂಕರಿನವು ಬ್ಯಾರೆ, ಗಟಾರದವು ಬ್ಯಾರೆ.
ಒಂದ ಅಂತ ಹ್ಯಾಂಗ ಅನ್ನೂದು?’

ಪುಸ್ತಕದಲ್ಲಿ ಹೀಗಿದೆ ಎಂದೆ.
ಪುಸ್ತಕ ಬರೆದವರ ಮನೆಗೆ
ದಿನಾ ಬರುತ್ತಿತ್ತೇನೋ.

ಶಾಲೆಯ ಹಿಂದೆ ಮಡ್ಡಿಕೆರೆ.
ಅಂತರಗಂಗೆಯ ದಪ್ಪ ಚಾದರ, ಅದು ಹರಿದಲ್ಲೆಲ್ಲ
ನೂಲಿಗೆ ಹಾಕಿ ಚೆಲ್ಲಿದ ಬಣ್ಣ:
ಸೋಮವಾರ ಕುಂಕುಮ, ಗುರುವಾರ ಗಿಳಿಹಸಿರು.
ಮಗ್ಗದ ಮೇಲೆ ಯಾವ ಸೀರೆಯಿದೆಯೆಂದು
ಕೆರೆ ನೋಡಿಯೇ ಹೇಳುತ್ತಿದ್ದವು ಮಕ್ಕಳು.

ಮಳೆಗೂ ಆಗ ಕಾಲ ತಪ್ಪತೊಡಗಿತ್ತು.
ಮೃಗಶಿರ ಬರೀ ಗಾಳಿ. ಆರಿದ್ರ ಒಣ ಗುಡುಗು.
ಹಸ್ತ ಬಂದಾಗ ಒಂದೇ ಮಧ್ಯಾಹ್ನ
ಎರಡು ತಿಂಗಳದ್ದನ್ನು ಸುರಿದು,
ಕುಣಿಮಗ್ಗದ ಕುಣಿ ತುಂಬಿ, ಹಾಸು ನೂಲು ತೇಲಿಸಿ,
ಸಂಜೆಗೆ ಗಟಾರ ಹಿಡಿದು ಹೋಗಿಬಿಟ್ಟಿತು.
ಬೆಳಿಗ್ಗೆ ಅದೇ ಓಣಿಯಲ್ಲಿ
ಕೊಡಗಳ ಪಾಳಿ.

ಕೆರೆ ಸುಧಾರಣೆಗೆ ದುಡ್ಡು ಬಂತು. ನಕ್ಷೆಯೂ ಬಂತು:
ಸುತ್ತ ಗ್ರಾನೈಟು, ನಡುವೆ ಕುಣಿಯುವ ಕಾರಂಜಿ,
ಕೆರೆಯೆಂದರೆ ತೊಳೆದಿಟ್ಟ ಸ್ಟೀಲಿನ ಪರಾತ.
ಎಂಜಿನಿಯರ ಮುಂದೆ ದಾವಲಸಾಬ ಎದ್ದು ನಿಂತ.
‘ಸಾಹೇಬ್ರ, ದಂಡಿ ಇಳಿಜಾರ ಇರ್ಲಿ.
ಇಲ್ಲಂದ್ರ ಕಪ್ಪಿ ಹತ್ತೂದು ಹ್ಯಾಂಗ?’
ಸಭೆ ನಕ್ಕಿತು. ನಾನೂ, ಸ್ವಲ್ಪ.
ಬಣ್ಣದ ಭಟ್ಟಿಯ ಅಂಬಕ್ಕ ನಗಲಿಲ್ಲ.
‘ನಮ್ಮ ಹೊಲಸು ನಾವ ಸೋಸತೀವಿ,
ಜಾಗಾ ತೋರಸ್ರಿ’ ಎಂದಳು.

ಆಮೇಲಿನದು ಮೂರು ವರ್ಷದ ಕೆಲಸ,
ಅದರಲ್ಲಿ ಒಂದು ವರ್ಷ ಬರೀ ಅರ್ಜಿ.
ಗಟಾರ ಸೇರುವ ಬಾಯಲ್ಲಿ ಹೊಂಡ ತೋಡಿ
ಜಲ್ಲಿ ಸುರಿದರು, ಜೇಕು ನೆಟ್ಟರು;
ಕೊನೆಯ ಹೊಂಡದಲ್ಲಿ ನೀರಿಗೆ ಕೆಲಸವೆಂದರೆ
ಸುಮ್ಮನೆ ನಿಲ್ಲುವುದು.
ಮೇಲಿನ ಹೂಳು ಎರೆಹೊಲಗಳಿಗೆ ಹೋಯಿತು.
ಬಣ್ಣ ಕುಡಿದ ಕೆಸರನ್ನು ಯಾರೂ ಒಯ್ಯಲಿಲ್ಲ,
ಇವತ್ತಿಗೂ ಗೋಡೆಯಾಚೆ ಗುಡ್ಡೆ ಬಿದ್ದಿದೆ.
ಕಾಲುವೆಯ ಮೇಲೆದ್ದ ಹನ್ನೊಂದು ಅಂಗಡಿಗಳಲ್ಲಿ
ನಾಲ್ಕು ಸರಿದವು. ಏಳು ಕೋರ್ಟಿಗೆ ಹೋದವು.

ಮೊದಲು ಬಂದದ್ದು ಏಡಿ. ಮುಂದಿನ ವರ್ಷ ಗುಳುಮುಳುಕ,
ಇದೆ ಎನ್ನುವಷ್ಟರಲ್ಲಿ ಇಲ್ಲ,
ಇಲ್ಲ ಎನ್ನುವಷ್ಟರಲ್ಲಿ ಆಚೆ ದಂಡೆಗೆ.
ಕರೆಂಟು ಹೋದ ಒಂದು ಆಷಾಢದ ರಾತ್ರಿ
ಇಳಿಜಾರಿನ ತುಂಬ ಕಪ್ಪೆಗಳು.
ಮೇಣದಬತ್ತಿಯ ಬೆಳಕಲ್ಲಿ ಪೇಪರು ತಿದ್ದುತ್ತಿದ್ದೆ.
ಯಾರೋ ಬರೆದಿದ್ದರು, ‘ಕೆರಿಗೆ ನೀರು ಬಂದುವು.’
ಪೆನ್ನು ಅದರ ಮೇಲೆ ನಿಂತು,
ಹಾಗೆಯೇ ಮುಂದಿನ ಸಾಲಿಗೆ ಹೋಯಿತು.

ಯುಗಾದಿ ಹೊತ್ತಿಗೆ ಮತ್ತೆ ಇಳಿದುಹೋಯಿತು.
ಒಡೆದ ಹೆಂಟೆ, ನಡುವೆ ಒಂದೇ ಒಂದು ಗುಂಡಿ,
ಕೊಕ್ಕರೆಯ ನೆರಳಿಗೂ ಸಾಲದಷ್ಟು.
‘ಎಲ್ಲ ಹೋಯಿತಲ್ಲ’ ಎಂದೆ.

ದಾವಲಸಾಬ ಈಗ ನಿವೃತ್ತ.
ಚಾವಿ ಇಳಿಸಿದ ಮೇಲೂ ಆ ಹೆಗಲು ತಗ್ಗಾಗಿಯೇ ಇದೆ.
ಏನೂ ಅನ್ನದೆ ಅಂಬಕ್ಕನ ಹಿತ್ತಲಿಗೆ ಕರೆದೊಯ್ದ.
ಮುರಿದ ಲಾಳಿ, ಹಳೇ ಚಪ್ಪಲಿ, ಗಣಪತಿಯ ಮಣ್ಣು
ಎಲ್ಲ ತುಂಬಿಕೊಂಡು ಸತ್ತಿದ್ದ ಬಾವಿ; ಹೋದ ವರ್ಷ ತೋಡಿಸಿದ್ದು.
ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟ.
ಹಗ್ಗ ಅವನ ಅಂಗೈಯಲ್ಲಿ ಜಾರುತ್ತಲೇ ಇತ್ತು,
ನಾನು ಎಣಿಸುವುದನ್ನು ಮರೆತೆ.
ಆಮೇಲೆ, ಎಲ್ಲೋ ತಳದಲ್ಲಿ,
ಗುಳುಕ್.

‘ಹೋಗಿಲ್ರೀ ಅಕ್ಕಾರ.
ಅದಾವ. ಕೆಳಗ ಅದಾವ.’