ಅಳತೆ ಪುಸ್ತಕದ ಹಿಂದಿನ ರಟ್ಟು

ಮೊದಲೇ ಹೇಳಿಬಿಡುತ್ತೇನೆ, ಈ ಪಟ್ಟಿ ಸೀಮೆಸುಣ್ಣದ್ದು.
ಬಟ್ಟೆಗೆ ಗೆರೆ ಎಳೆಯುವ ಅದೇ ನೀಲಿ ಬಿಲ್ಲೆಯಲ್ಲಿ
ಅಳತೆ ಪುಸ್ತಕದ ಹಿಂದಿನ ರಟ್ಟಿಗೆ ಬರೆದದ್ದು.
ಮೊಣಕೈ ತಾಗಿದರೆ ಸಾಕು, ಮೂರನೆಯವನು ಮಾಯ.

ರಾಜಾಜಿನಗರದ ಸಿಮೆಂಟು ಕೋರ್ಟಿಗೆ ಎದುರಾಗಿ
ಒಂದು ಹೊಲಿಗೆ ಮಿಷನ್ನು, ಒಂದು ಕಿಟಕಿ,
ಇಪ್ಪತ್ತಾರು ವರ್ಷ.
ಜೆರ್ಸಿಗೆ ನಂಬರು ಹೊಲಿದವನಿಗೆ
ಆಡಿದವರ ಬಗ್ಗೆ ಮಾತಾಡುವ ಹಕ್ಕಿಲ್ಲವೇ?

ಐದನೇ ಜಾಗ ಖಾಲಿ.
ಯಾರನ್ನು ಕೂರಿಸಿದರೂ ನಾಲ್ಕು ದಿನಕ್ಕೆ ಜಗಳ.

ನಾಲ್ಕು, ಮುನಿಯಲ್ಲಪ್ಪ.
ಆರಡಿ ಐದಂಗುಲ. ಟೇಪು ಹಿಡಿಯಲು ನಾನು ಸ್ಟೂಲು ಹತ್ತಿದ್ದೆ.
ಬೆಳಗಿನ ಜಾವ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಮೂಟೆ ಇಳಿಸಿ
ಸಂಜೆ ಬಂದರೆ ಬೆವರಿಗೂ ಹೂವಿನ ವಾಸನೆ.
ಒಂದೇ ಒಂದು ಸಲ ಡಂಕ್ ಮಾಡಿದ. ರಿಂಗು ಬಾಗಿತು.
ಕ್ಲಬ್ಬಿನ ಕಾರ್ಯದರ್ಶಿ ನೂರಿಪ್ಪತ್ತು ರೂಪಾಯಿ ದಂಡ ಹಾಕಿದರು.
ಪಕ್ಕದ ಇಸ್ತ್ರಿ ಗಾಡಿಯ ಏಳುಮಲೈ
ಈಗಲೂ ಅದೇ ನಂಬರ್ ಒನ್ ಅನ್ನುತ್ತಾನೆ,
ಕೆಂಡ ಊದುತ್ತಾ ಅನ್ನುತ್ತಾನೆ,
ಬೂದಿಯೆಲ್ಲ ನನ್ನ ಬಿಳಿ ಬಟ್ಟೆಯ ಮೇಲೆ.
ಅವನ ಲೆಕ್ಕದಲ್ಲಿ ಉದ್ದವೇ ಯೋಗ್ಯತೆ.

ಮೂರು, ಡೆನ್ಜಿಲ್. ಕುಕ್ ಟೌನಿನಿಂದ ಸೈಕಲ್ಲು ತುಳಿದು ಬರುತ್ತಿದ್ದವನು.
ಎಡಚ. ಎಡಭುಜ ಬಲಕ್ಕಿಂತ ಮುಕ್ಕಾಲು ಇಂಚು ಕೆಳಗೆ;
ಅದು ಅವನ ತಾಯಿಗೂ ಗೊತ್ತಿರಲಿಲ್ಲ.
ಫ್ರೀ ಥ್ರೋಗೆ ಮುಂಚೆ ಚೆಂಡನ್ನು ಮೂರು ಸಲ ಕುಟ್ಟಿ
ಕಿವಿಗೆ ಹಿಡಿಯುತ್ತಿದ್ದ, ಕಲ್ಲಂಗಡಿ ಕೊಳ್ಳುವವನ ಹಾಗೆ.
ಸೆಮಿಫೈನಲ್ಲಿನಲ್ಲಿ ಎರಡೂ ತಪ್ಪಿದವು. ತಪ್ಪಿದ್ದಕ್ಕೆ ನಕ್ಕ.
ಎರಡರಲ್ಲಿದ್ದವನನ್ನು ಆ ನಗುವಿಗಾಗಿ ಒಂದು ಮೆಟ್ಟಿಲು ಇಳಿಸಿದೆ.
ಮರುವರ್ಷ ಅದೇ ನಗು ನೋಡಬೇಕೆನ್ನಿಸಿತು.
ಅವನು ಮಂಡಿಗೆ ಪ್ಲಾಸ್ಟರು ಹಾಕಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ.

ನಂಬರಿಲ್ಲದವೂ ಇವೆ:
ಚೆಂಡು ರಿಂಗಿಗೂ ಬೋರ್ಡಿಗೂ ನಡುವೆ ಸಿಕ್ಕಿಕೊಂಡಾಗ
ಹತ್ತೂ ಜನ ಬಾಯಿ ತೆರೆದು ನಿಂತದ್ದು,
ಗ್ರಹಣ ನೋಡುವವರಂತೆ.

ಎರಡು, ಬೋಜಮ್ಮ. ಐದಡಿ ಎರಡು. ಭುಜ ಹದಿನಾಲ್ಕು.
ಯಾವಾಗಲೂ ಒಂದು ಸೈಜು ದೊಡ್ಡದೇ ಬೇಕು ಅನ್ನುವಳು:
"ಹಿಡಿಯೋರು ಬಟ್ಟೆ ಹಿಡೀಲಿ ಅಣ್ಣ,
ನಾನು ಮುಂದೆ ಹೋಗಿರ್ತೀನಿ."

ಅವಳ ಫೈನಲ್ಲು. ಎರಡು ಸೆಕೆಂಡು, ಒಂದು ಪಾಯಿಂಟು ಹಿಂದೆ.
ಜಿಗಿದಳು, ಚೆಂಡು ಕೈ ಬಿಟ್ಟಿತು,
ಕರೆಂಟು ಹೋಯಿತು.
ಇಡೀ ಬಡಾವಣೆ ಕಪ್ಪು. ಏಳುಮಲೈಯ ಕೆಂಡವೊಂದೇ ಕೆಂಪು.
ಸರಕ್ ಅಂತ ಏನೋ. ಬಲೆಯೋ, ಯಾರದೋ ಚಪ್ಪಲಿಯೋ.
ದೀಪ ಬಂದಾಗ ಚೆಂಡು ಕಂಬದ ಬುಡದಲ್ಲಿ
ತನಗೇನೂ ಗೊತ್ತಿಲ್ಲವೆಂಬಂತೆ ಕೂತಿತ್ತು.
ನಮ್ಮವರು ಬಿತ್ತು ಅಂದರು. ಅವರು ಇಲ್ಲ ಅಂದರು.
ರೆಫರಿ ಬಾಯಲ್ಲಿ ವಿಜಲ್ಲಿತ್ತು, ಊದಲಿಲ್ಲ.

ಆಗ ರಿಂಗಿನ ಕೆಳಗಿದ್ದ ಶಿವಾಜಿನಗರದ ಹುಡುಗಿ, ತರನ್ನುಮ್,
ಇಡೀ ಸಂಜೆ ಬೋಜಮ್ಮನಿಗೆ ಉಸಿರಾಡಲು ಬಿಡದವಳು,
ನೆತ್ತಿ ಉಜ್ಜಿಕೊಳ್ಳುತ್ತಾ ಹೇಳಿದಳು:
"ಬಿತ್ತು ಸಾರ್. ಬಲೆಯಿಂದ ನೇರ ನನ್ನ ತಲೆ ಮೇಲೇ ಬಿತ್ತು."

ಅವಳ ಕೋಚು ಟವೆಲ್ಲು ನೆಲಕ್ಕೆಸೆದರು.
ಒಂದು ಪಾಯಿಂಟಿನಲ್ಲಿ ಸೋತರು.
ಮಾರನೆಯ ದಿನದ ಪೇಪರಿನಲ್ಲಿ
ಬೋಜಮ್ಮನ ಫೋಟೋ, ಕಪ್ಪಿನ ಫೋಟೋ.

ಅವಳ ಅಳತೆ ನನ್ನ ಪುಸ್ತಕದಲ್ಲಿಲ್ಲ.
ಆ ಜೆರ್ಸಿ ಬೇರೆ ಯಾವನೋ ಹೊಲಿದದ್ದು, ಒರಟು ಕೈ;
ಬೆನ್ನ ಮೇಲಿನ ಹನ್ನೊಂದರಲ್ಲಿ
ಒಂದು ಅಂಕಿ ಬಿಚ್ಚಿಕೊಂಡು ಜೋಲುತ್ತಿತ್ತು.
ಕರೆದು ಎರಡು ಹೊಲಿಗೆ ಹಾಕಿಕೊಡೋಣವೆಂದು
ಸೂಜಿಗೆ ದಾರ ಪೋಣಿಸುವಷ್ಟರಲ್ಲಿ
ಅವರ ವ್ಯಾನು ನವರಂಗ್ ಕಡೆ ತಿರುಗಿತ್ತು.